‘ಈ ಮಗುವನ್ನು ವಾಪಸ್ ಒಪ್ಪಿಸಿಬಿಡೋಣವಾ?’ ಫಾಸ್ಟರ್ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಗೆ ಹನ್ನೊಂದು ವರ್ಷದ ಮಗಳಿದ್ದಾಳೆ. ಎಂಟು ತಿಂಗಳ ಹಿಂದೆ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಫಾಸ್ಟರ್ ಕೇರ್‌ನಲ್ಲಿ ಮನೆಗೆ ಕರೆತಂದೆವು. ದತ್ತು ಅಲ್ಲ, ಹೆತ್ತವರು ನೋಡಿಕೊಳ್ಳಲಾಗದ ಮಗುವನ್ನು ಸ್ವಲ್ಪ ಕಾಲ ನಮ್ಮ ಮನೆಯಲ್ಲಿ ಇಟ್ಟುಕೊಂಡು ಸಾಕುವುದು. ಅವನ ತಾಯಿಗೆ ಕುಡಿತದ ಸಮಸ್ಯೆ, ಮಕ್ಕಳನ್ನು ಒಂಟಿಯಾಗಿ ಬಿಟ್ಟು ಹೋಗಿಬಿಡುತ್ತಿದ್ದರಂತೆ. ಅವರು ಸುಧಾರಿಸುವವರೆಗೆ ನಾವು ನೋಡಿಕೊಳ್ಳಬೇಕು ಅಂತ ಮಾತು. ನಮ್ಮದು ಅವನಿಗೆ ನಾಲ್ಕನೇ ಮನೆ. ತಂಗಿ ಬೇರೆ ಯಾರದೋ ಮನೆಯಲ್ಲಿದ್ದಾಳೆ. ಮೊದಲ ಎರಡು ತಿಂಗಳು ಹೇಳಿದ ಮಾತು ಕೇಳಿಕೊಂಡು ಬಹಳ ಚೆನ್ನಾಗಿದ್ದ. ಆಮೇಲೆ ಶುರುವಾಯಿತು. ತಿನ್ನೋದನ್ನು ಹಾಸಿಗೆ ಕೆಳಗೆ ಬಚ್ಚಿಡುತ್ತಾನೆ. ಕಣ್ಣೆದುರೇ ಸುಳ್ಳು ಹೇಳುತ್ತಾನೆ. ಮಗಳ ಡಬ್ಬಿಯಿಂದ ದುಡ್ಡು ತೆಗೆದ. ತಾಯಿಯನ್ನು ನೋಡಿ ಬಂದ ಮೇಲೆ ಎರಡು ದಿನ ಹಾಸಿಗೆ ಒದ್ದೆ, ಕಿರುಚಾಟ. ಶಾಲೆಯವರು ಮಾತ್ರೆ ಕೊಡಿಸಿ ಅನ್ನುತ್ತಾರೆ. ಈ ಎಂಟು ತಿಂಗಳಲ್ಲಿ ಅವನ ವಿಷಯ ನೋಡಿಕೊಳ್ಳುವ ಸಿಬ್ಬಂದಿ, ಅಂದರೆ ಕೇಸ್ ವರ್ಕರ್, ಮೂರು ಸಲ ಬದಲಾದರು. ‘ಹಾವಿಗೆ ಹಾಲೆರೆದ ಹಾಗೆ, ರಕ್ತದ ಗುಣ ಎಲ್ಲಿ ಹೋಗುತ್ತೆ, ಯಾವುದಾದರೂ ಮಕ್ಕಳ ಆಶ್ರಮಕ್ಕೆ ಸೇರಿಸಿ’ ಅಂತ ನೆಂಟರು ಹೇಳುತ್ತಿದ್ದಾರೆ. ನಮಗೂ ಸಾಕಾಗಿದೆ. ವಾಪಸ್ ಒಪ್ಪಿಸಿಬಿಡೋಣವಾ? ಹಾಗೆ ಮಾಡಿದರೆ ನಾವು ಕೆಟ್ಟವರಾಗುತ್ತೇವಾ?

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಹುಡುಗ ಕೆಟ್ಟುಹೋಗಿದ್ದಾನಾ ಅನ್ನೋದು ಒಂದು. ನಮ್ಮ ಕೈಲಿ ಆಗುತ್ತಿಲ್ಲ ಅಂದರೆ ತಪ್ಪಾ ಅನ್ನೋದು ಇನ್ನೊಂದು. ಸುಸ್ತಾದಾಗ ಇವೆರಡೂ ಕಲಸಿಹೋಗಿ, ‘ಅವನೇ ಕೆಟ್ಟವನು, ಅದಕ್ಕೇ ನಮ್ಮ ಕೈಲಿ ಆಗುತ್ತಿಲ್ಲ’ ಅನ್ನೋ ತೀರ್ಮಾನಕ್ಕೆ ಮನೆಮಂದಿಯೆಲ್ಲ ಬಂದುಬಿಡುತ್ತಾರೆ. ಇಂಥ ಮನೆಗಳ ಮಕ್ಕಳಿಗೂ ದೊಡ್ಡವರಿಗೂ ಕೌನ್ಸೆಲಿಂಗ್ ಮಾಡುವುದೇ ನನ್ನ ಕೆಲಸ, ಈ ಮಾತನ್ನು ಬಹಳ ಸಲ ಕೇಳಿದ್ದೇನೆ.

ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಇಲ್ಲ, ನೀವು ಕೆಟ್ಟವರಲ್ಲ. ಸಾಕಾಗಿದೆ ಅನ್ನೋದು ದೌರ್ಬಲ್ಯವೂ ಅಲ್ಲ. ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಚೇಂಬರ್ಲೇನ್ ಮತ್ತು ಅವರ ತಂಡ ಫಾಸ್ಟರ್ ಮನೆಗಳಲ್ಲಿ ಒಂದು ಲೆಕ್ಕ ಇಟ್ಟರು. ಮಗು ದಿನಕ್ಕೆ ಎಷ್ಟು ಥರದ ತೊಂದರೆ ಕೊಟ್ಟಿತು ಅಂತ ಮನೆಯವರನ್ನೇ ಕೇಳಿದರು: ಸುಳ್ಳು, ಹಟ, ಜಗಳ, ಎದುರು ಮಾತು, ಹೀಗೆ. ಆರರವರೆಗೆ ಮನೆಯವರು ಹೇಗೋ ತಡೆದುಕೊಳ್ಳುತ್ತಾರೆ. ಆರು ದಾಟಿದ ಮೇಲೆ ಒಂದೊಂದು ಜಾಸ್ತಿಯಾದಂತೆ ಮಗು ಆ ಮನೆ ಬಿಡಬೇಕಾಗಿ ಬರುವ ಸಾಧ್ಯತೆ ನೂರಕ್ಕೆ 17ರಷ್ಟು ಏರುತ್ತಾ ಹೋಗುತ್ತದೆ. 2006ರಲ್ಲಿ ಪ್ರಕಟವಾದ ಅಧ್ಯಯನ ಇದು. ತಾಳ್ಮೆಗೆ ಒಂದು ಮಿತಿ ಇರುತ್ತದೆ, ನೀವು ಅದರ ಹತ್ತಿರ ಬಂದಿದ್ದೀರಿ ಅಷ್ಟೆ. ಹಾಗಾಗಿ ‘ನಾವು ಒಳ್ಳೆಯವರಾ’ ಅಂತ ಯೋಚಿಸೋದು ಬಿಟ್ಟು, ಆ ಎಣಿಕೆಯನ್ನು ಹೇಗೆ ಇಳಿಸೋದು ಅಂತ ನೋಡೋಣ.

ಈಗ ಹುಡುಗನ ವಿಷಯ. ರಕ್ತದ ಗುಣ ಅನ್ನುವವರಿಗೆ ಒಂದು ಮಾತು ಹೇಳಿ: ಅವನು ಮಾಡುತ್ತಿರುವ ಒಂದೊಂದು ಕೆಲಸಕ್ಕೂ ಅವನ ಹಿಂದಿನ ದಿನಗಳಲ್ಲಿ ಕಾರಣ ಸಿಗುತ್ತದೆ. ತಿನ್ನೋದನ್ನು ಬಚ್ಚಿಡುವುದನ್ನೇ ತೆಗೆದುಕೊಳ್ಳಿ. ಅವನ ಹಾಸಿಗೆ ಎತ್ತಿದರೆ ಏನು ಸಿಗುತ್ತದೆ ಅಂತ ಒಮ್ಮೆ ಸರಿಯಾಗಿ ನೋಡಿ. ಅರ್ಧ ತಿಂದ ಬಿಸ್ಕತ್ ಪೊಟ್ಟಣ, ಬಾಯಿಯನ್ನು ಜೋಪಾನವಾಗಿ ಮಡಚಿಟ್ಟಿರುತ್ತಾನೆ. ಒಣಗಿದ ಬ್ರೆಡ್ಡಿನ ತುಂಡು ಇರಬಹುದು. ಬಾಯಿಚಪಲಕ್ಕೆ ಕದ್ದ ಹುಡುಗ ಅಲ್ಲೇ ತಿಂದು ಮುಗಿಸುತ್ತಾನೆ, ಹೀಗೆ ಉಳಿಸಿ ಇಡೋದಿಲ್ಲ ಅಲ್ವಾ? ಉಳಿಸಿಡುವುದು ನಾಳೆಯ ಭಯಕ್ಕೆ. ತಾಯಿ ಯಾವಾಗ ಬರುತ್ತಾಳೋ ಗೊತ್ತಿಲ್ಲದ ಮನೆಯಲ್ಲಿ, ಪುಟ್ಟ ತಂಗಿ ಪಕ್ಕದಲ್ಲಿ ಹಸಿದು ಅಳುವಾಗ, ಬಚ್ಚಿಡಲು ಕಲಿತ ಹುಡುಗನೇ ಜಾಣ. ಆ ಜಾಣತನ ಇವತ್ತು ನಿಮ್ಮ ಮನೆಯಲ್ಲಿ ಕಳ್ಳತನದ ಹಾಗೆ ಕಾಣುತ್ತದೆ. ಅಡುಗೆಮನೆಗೆ ಬೀಗ ಹಾಕಿದರೆ ಅವನ ಭಯ ಸರಿ ಅಂತ ನೀವೇ ಒಪ್ಪಿಕೊಂಡ ಹಾಗೆ. ಬದಲಿಗೆ ಅವನ ಹೆಸರಲ್ಲಿ ಒಂದು ಡಬ್ಬಿ ಇಡಿ, ಕೆಡದಂಥ ತಿಂಡಿ ತುಂಬಿ, ರಾತ್ರಿ ಅವನ ಕೋಣೆಯಲ್ಲೇ ಇರಲಿ. ಖಾಲಿಯಾದರೆ ಕೇಳದೇ ಮತ್ತೆ ತುಂಬಿ. ಮೊದಲ ವಾರಗಳಲ್ಲಿ ಎಲ್ಲವನ್ನೂ ಒಮ್ಮೆಗೇ ಮುಗಿಸಬಹುದು, ಹೆದರಬೇಡಿ. ಡಬ್ಬಿ ಖಾಲಿಯಾಗಿಯೇ ಉಳಿಯುವುದಿಲ್ಲ ಅನ್ನೋದು ಅವನ ಹೊಟ್ಟೆಗೆ ನಂಬಿಕೆಯಾಗಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಸುಳ್ಳೂ ಹೀಗೆಯೇ. ನಿಜ ಹೇಳಿ ಏಟು ತಿಂದವರೋ ಮನೆ ಕಳೆದುಕೊಂಡವರೋ ಆದ ಮಕ್ಕಳು ಯೋಚಿಸುವ ಮೊದಲೇ ಸುಳ್ಳು ಹೇಳಿಬಿಡುತ್ತಾರೆ. ‘ನೀನು ಮಾಡಿದ್ಯಾ?’ ಅಂತ ಕೇಳಲೇಬೇಡಿ. ನಿಮಗೆ ಗೊತ್ತಿದ್ದರೆ ಗೊತ್ತು ಅನ್ನಿ, ಮುಂದೇನು ಮಾಡಬೇಕು ಅನ್ನೋದನ್ನು ಹೇಳಿ, ಅಲ್ಲಿಗೆ ಮುಗಿಸಿ.

ಮೊದಲ ಎರಡು ತಿಂಗಳು ಒಳ್ಳೆಯವನಾಗಿದ್ದ ಅಂದಿರಲ್ಲ, ಅದರ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಆಗ ಅವನು ನಿಮ್ಮ ಮನೆಯಲ್ಲಿ ನೆಂಟ. ಎಲ್ಲಿ ಕೂರಬೇಕು, ಯಾವಾಗ ನಗಬೇಕು ಅಂತ ಕಾಯುತ್ತಿದ್ದ. ಅದು ಎಚ್ಚರ, ನೆಮ್ಮದಿಯಲ್ಲ. ಈಗ ಆ ಎಚ್ಚರ ಸಡಿಲವಾಗಿದೆ, ಜೊತೆಗೆ ಪರೀಕ್ಷೆಯೂ ನಡೆಯುತ್ತಿದೆ: ಹೇಗಿದ್ದರೂ ಕಳಿಸುತ್ತಾರೆ, ಹಾಗಾದರೆ ಬೇಗ ಕಳಿಸಲಿ, ಕಾಯೋದಾದರೂ ತಪ್ಪುತ್ತೆ. ಒಂಬತ್ತು ವರ್ಷದವನು ಇದನ್ನು ಮಾತಲ್ಲಿ ಹೇಳಲಾರ. ಮಾಡಿ ತೋರಿಸುತ್ತಾನೆ.

ಹಾಗಂತ ‘ಪ್ರೀತಿ ಕೊಟ್ಟರೆ ಎಲ್ಲ ಸರಿಹೋಗುತ್ತೆ’ ಅನ್ನೋದೂ ಸುಳ್ಳೇ. ಈ ಮಾತು ನಂಬಿ ಬಂದ ಕುಟುಂಬಗಳೇ ಬೇಗ ಕುಸಿಯೋದನ್ನು ನೋಡಿದ್ದೇನೆ. ಪ್ರೀತಿ ಬೇಕು. ಅದರ ಜೊತೆಗೆ ದಿನವೂ ಒಂದೇ ಥರದ ದಿನಚರಿ ಬೇಕು, ತರಬೇತಿ ಬೇಕು, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಎತ್ತುವ ಒಬ್ಬರು ಬೇಕು. ಇವನ್ನು ಕೊಡಬೇಕಾದ್ದು ವ್ಯವಸ್ಥೆ, ಅದು ಕೊಡುತ್ತಿಲ್ಲ. ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂದದ್ದು ಇಲ್ಲೇ.

ನಾಲ್ಕು ಮನೆ ಅಂದರೇನು ಅಂತ ಸ್ವಲ್ಪ ನಿಧಾನವಾಗಿ ಯೋಚಿಸಿ. ಎಷ್ಟೋ ಮಕ್ಕಳ ಬಟ್ಟೆಬರೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗೋದು ಕಸದ ಚೀಲದಲ್ಲಿ. ಹೊಸ ಮನೆಯಲ್ಲಿ ರಾತ್ರಿ ಎದ್ದರೆ ಲೈಟಿನ ಸ್ವಿಚ್ ಎಲ್ಲಿದೆ ಗೊತ್ತಿರುವುದಿಲ್ಲ, ಕತ್ತಲಲ್ಲಿ ಗೋಡೆ ತಡವುತ್ತಾ ನಿಲ್ಲುತ್ತವೆ, ಹಾಸಿಗೆ ಒದ್ದೆಯಾಗುವುದಕ್ಕೆ ಇದೂ ಒಂದು ಕಾರಣ. ಶಾಲೆ ಬದಲು, ಪಾಠ ನಡುವಲ್ಲೇ ಬಿಟ್ಟುಹೋಗುತ್ತದೆ. ಇಷ್ಟರಲ್ಲಿ ಒಬ್ಬ ಗೆಳೆಯ ಸಿಕ್ಕಿದ್ದರೆ ಅವನೂ ಹೋದ. ತೊಂದರೆ ಕೊಡುವ ಮಕ್ಕಳನ್ನೇ ಮನೆಯಿಂದ ಮನೆಗೆ ಕಳಿಸುತ್ತಾರೆ ಅಂತ ಎಲ್ಲರೂ ನಂಬಿದ್ದಾರೆ. ಅರ್ಧ ನಿಜ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 415 ಮಕ್ಕಳನ್ನು ಹಿಂಬಾಲಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಳಿದರ್ಧ ಕಂಡಿತು: ಶುರುವಿನಲ್ಲಿ ಏನೂ ತೊಂದರೆ ಇಲ್ಲದ ಮಕ್ಕಳೂ ಮನೆ ಬದಲಾದಷ್ಟೂ ಕೆಡುತ್ತಾ ಹೋದರು. ಹುಡುಗನಲ್ಲಿ ನೀವು ಈಗ ನೋಡುತ್ತಿರುವುದರಲ್ಲಿ ಎಷ್ಟು ತಾಯಿಯ ಮನೆಯದು, ಎಷ್ಟು ಆಮೇಲಿನ ಮೂರು ಮನೆಗಳದು ಅಂತ ಬಿಡಿಸಿ ಹೇಳಲು ಯಾರಿಂದಲೂ ಆಗೋದಿಲ್ಲ.

ಯಾಕೆ ಇಷ್ಟು ಮನೆ? ಮನೆಗಳೇ ಸಾಲುತ್ತಿಲ್ಲ. ಅಮೆರಿಕದಲ್ಲಿ 2022ರಲ್ಲಿ ಸುಮಾರು 3.7 ಲಕ್ಷ ಮಕ್ಕಳು ಫಾಸ್ಟರ್ ಕೇರ್‌ನಲ್ಲಿದ್ದರು. ಅಲ್ಲಿನ ಮೂರು ರಾಜ್ಯಗಳ ದಾಖಲೆ ನೋಡಿದ ಸಂಶೋಧಕರಿಗೆ, ಅರ್ಧಕ್ಕರ್ಧ ಫಾಸ್ಟರ್ ಕುಟುಂಬಗಳು 8ರಿಂದ 14 ತಿಂಗಳೊಳಗೆ ಈ ಕೆಲಸ ಬಿಟ್ಟುಬಿಡುವುದು ಕಂಡಿತು. ನೀವು ಈಗ ಸರಿಯಾಗಿ ಆ ಗಡಿಯಲ್ಲಿದ್ದೀರಿ. ಮನೆ ಕಡಿಮೆ ಇದ್ದಾಗ ಮಗುವಿಗೆ ಹೊಂದುವ ಮನೆ ಯಾರೂ ಹುಡುಕೋದಿಲ್ಲ, ಇವತ್ತು ರಾತ್ರಿ ಯಾರ ಮನೆಯಲ್ಲಿ ಮಂಚ ಖಾಲಿ ಇದೆ ಅಂತ ಹುಡುಕುತ್ತಾರೆ. ಅಣ್ಣ ಒಂದು ಕಡೆ, ತಂಗಿ ಒಂದು ಕಡೆ ಆಗೋದು ಹೀಗೆ.

ಕೇಸ್ ವರ್ಕರ್ ಬದಲಾಗೋದು ಸಣ್ಣ ವಿಷಯ ಅಂತ ಬಿಡಬೇಡಿ. ಅಮೆರಿಕದ ಮಿಲ್ವಾಕಿಯಲ್ಲಿ 2005ರಲ್ಲಿ ಇದನ್ನು ಲೆಕ್ಕ ಹಾಕಿದರು. ಒಬ್ಬರೇ ಕೇಸ್ ವರ್ಕರ್ ಇದ್ದ ಮಕ್ಕಳಲ್ಲಿ ನೂರಕ್ಕೆ 74.5 ಮಂದಿಗೆ ಕಾಯಂ ನೆಲೆ ಸಿಕ್ಕಿತ್ತು, ಅಂದರೆ ಹೆತ್ತವರ ಮನೆಯೋ, ದತ್ತು ಮನೆಯೋ, ಹೀಗೆ. ಒಮ್ಮೆ ಬದಲಾಗಿ ಇಬ್ಬರಾಗಿದ್ದರೆ ಅದು 17.5ಕ್ಕೆ ಇಳಿದಿತ್ತು. ಹೊಸಬರು ಬಂದಾಗಲೆಲ್ಲ ಫೈಲು ಮೊದಲಿನಿಂದ ಓದಬೇಕು, ತಾಯಿಯನ್ನು ಮೊದಲಿನಿಂದ ಮಾತಾಡಿಸಬೇಕು, ಕೋರ್ಟಿನ ದಿನಾಂಕ ಮುಂದೆ ಹೋಗುತ್ತದೆ. ಹುಡುಗನ ಪಾಲಿಗೆ ಇನ್ನೂ ಒಂದು ನಷ್ಟ: ತನ್ನ ಕಥೆ ಗೊತ್ತಿದ್ದ ದೊಡ್ಡವರೊಬ್ಬರು ಹೇಳದೇ ಕೇಳದೇ ಕಾಣೆಯಾದರು. ಇದರಲ್ಲಿ ಆ ಕೆಲಸಗಾರರ ತಪ್ಪು ಕಡಿಮೆ. ಒಬ್ಬೊಬ್ಬರ ಮೇಲೆ ಹೊರಲಾರದಷ್ಟು ಕೇಸು, ಕಡಿಮೆ ಸಂಬಳ, ಜೊತೆಗೆ ಮಗುವಿಗೆ ಏನಾದರೂ ಆದರೆ ಮೊದಲ ಬೈಗುಳ ಅವರಿಗೇ.

ತಾಯಿಯ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಫಾಸ್ಟರ್ ಕೇರ್‌ಗೆ ಬರುವವರೆಲ್ಲ ಹೊಡೆತ ಬಡಿತ ತಿಂದ ಮಕ್ಕಳು ಅಂತ ಜನ ಅಂದುಕೊಂಡಿದ್ದಾರೆ. ಅಮೆರಿಕದ 2021ರ ಸರ್ಕಾರಿ ಅಂಕಿಅಂಶದಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಕ್ಕಳ ವಿಷಯದಲ್ಲಿ ಬರೆದ ಕಾರಣ ನಿರ್ಲಕ್ಷ್ಯ. ದೈಹಿಕ ಹಿಂಸೆ ಅದಕ್ಕಿಂತ ಎಷ್ಟೋ ಕಡಿಮೆ. ನಿರ್ಲಕ್ಷ್ಯ ಅಂತ ಬರೆಯುವ ಕಡೆ ಎಷ್ಟೋ ಸಲ ಬಡತನ, ಕುಡಿತ, ಬಾಡಿಗೆ ಕಟ್ಟಲಾಗದ ಮನೆ, ಮಗುವನ್ನು ನೋಡಿಕೊಳ್ಳಲು ಇನ್ನೊಂದು ಜೀವ ಇಲ್ಲದಿರುವುದು, ಎಲ್ಲ ಸೇರಿಕೊಂಡಿರುತ್ತದೆ. ಬಡತನ ಒಂದೇ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರೆ ಮಾಡಬಾರದು ಅಂತ ವಿಶ್ವಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಇದನ್ನು ಇಲ್ಲಿ ಯಾಕೆ ಎತ್ತುತ್ತಿದ್ದೇನೆ ಅಂದರೆ, ತಾಯಿಯನ್ನು ನೋಡಿ ಬಂದ ಮೇಲೆ ಅವನು ಕೆಡುತ್ತಾನೆ, ಹಾಗಾಗಿ ಭೇಟಿ ನಿಲ್ಲಿಸಿದರೆ ಒಳ್ಳೆಯದು ಅಂತ ನಿಮಗೆ ಈಗಾಗಲೇ ಅನ್ನಿಸಿರಬಹುದು, ಇಲ್ಲವೇ ಯಾರಾದರೂ ಹೇಳಿರುತ್ತಾರೆ. ಆ ಕಿರುಚಾಟ ತಾಯಿ ಬೇಡ ಅನ್ನುವುದಕ್ಕೆ ಸಾಕ್ಷಿಯಲ್ಲ. ಪ್ರತಿ ಸಲವೂ ಅವಳನ್ನು ಬಿಟ್ಟು ಬರಬೇಕಲ್ಲ, ಆ ನೋವು ಅದು. ಭೇಟಿ ಅಪಾಯಕಾರಿ ಅಂತ ಕೋರ್ಟೋ ತಜ್ಞರೋ ಹೇಳದ ಹೊರತು ನಿಲ್ಲಿಸಬೇಡಿ. ಭೇಟಿಯ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ಮಾರನೇ ದಿನ ಪರೀಕ್ಷೆ, ನೆಂಟರ ಮನೆ ಯಾವುದೂ ಬೇಡ. ಹಾಸಿಗೆಗೆ ರಬ್ಬರ್ ಹಾಳೆ ಹಾಕಿ, ಬೆಳಿಗ್ಗೆ ಸುಮ್ನೆ ಬದಲಿಸಿ, ಅದರ ಬಗ್ಗೆ ಮಾತೇ ಬೇಡ. ತಾಯಿ ಬರುತ್ತೇನೆ ಅಂದು ಬರದೇ ಹೋದ ದಿನ ಅವಳನ್ನು ಬೈಯಬೇಡಿ. ‘ಬೇಜಾರಾಯ್ತು ಅಲ್ವಾ’ ಅಂದರೆ ಸಾಕು.

ಮಾತ್ರೆ ಬಗ್ಗೆ ಹೇಳುವಾಗ ಜಾಗ್ರತೆಯಿಂದ ಹೇಳುತ್ತೇನೆ, ಯಾಕೆಂದರೆ ನಾನು ಹುಡುಗನನ್ನು ನೋಡಿಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2011ರಲ್ಲಿ ಐದು ರಾಜ್ಯಗಳ ದಾಖಲೆ ತೆಗೆದು ನೋಡಿತು. ಸರ್ಕಾರಿ ವಿಮೆಯಲ್ಲಿದ್ದ ಬೇರೆ ಮಕ್ಕಳಿಗಿಂತ ಫಾಸ್ಟರ್ ಮಕ್ಕಳಿಗೆ ಮನೋರೋಗದ ಔಷಧಿ 2.7ರಿಂದ 4.5 ಪಟ್ಟು ಜಾಸ್ತಿ ಹೋಗುತ್ತಿತ್ತು. ಈ ಮಕ್ಕಳಿಗೆ ಕಷ್ಟ ಜಾಸ್ತಿ ಇರುತ್ತದೆ, ಅದೂ ನಿಜ. ಆದರೆ ಭಯದಿಂದ ಚಡಪಡಿಸುವ ಮಗು ಮತ್ತು ಗಮನ ಕೊಡುವ ತೊಂದರೆ ಇರುವ ಮಗು ತರಗತಿಯಲ್ಲಿ ಒಂದೇ ಥರ ಕಾಣುತ್ತಾರೆ. ಮಾತ್ರೆ ಬೇಕಾ ಬೇಡವಾ ಅಂತ ಹೇಳಬೇಕಾದವರು ಮಕ್ಕಳ ಮನೋವೈದ್ಯರು, ಅದೂ ಅವನ ಪೂರ್ತಿ ಹಿನ್ನೆಲೆ ಕೇಳಿದ ಮೇಲೆ. ಶಾಲೆಯವರ ಮಾತು ಅವರಿಗೆ ಕೊಡುವ ಒಂದು ಮಾಹಿತಿ ಅಷ್ಟೆ. ಯಾವ ಕಾಯಿಲೆಗೆ, ಎಷ್ಟು ದಿನ, ಅಡ್ಡಪರಿಣಾಮ ಏನು, ನಿಲ್ಲಿಸೋದು ಯಾವಾಗ, ಈ ನಾಲ್ಕನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಕೇಸ್ ವರ್ಕರ್‌ಗೆ ಆ ಚೀಟಿಯೇ ಆಧಾರವಾಗುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಮಕ್ಕಳ ಆಶ್ರಮದ ದಾರಿಯನ್ನು ಮೊದಲೇ ಬದಿಗಿಡುತ್ತೇನೆ. ಅಲ್ಲಿ ಕೆಲಸ ಮಾಡುವವರಲ್ಲಿ ಒಳ್ಳೆಯವರಿದ್ದಾರೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಪಾಳಿಯಲ್ಲಿ ಬಂದು ಹೋಗುವವರ ಮಧ್ಯೆ ಮಗುವಿಗೆ ತನ್ನವರು ಅಂತ ಒಬ್ಬರು ಸಿಗುವುದು ಕಷ್ಟ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಶುರುವಾದ ಅಧ್ಯಯನದಲ್ಲಿ ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಫಾಸ್ಟರ್ ಮನೆಗಳಿಗೆ ಕಳಿಸಿದರು. ಅವರ ಬುದ್ಧಿಶಕ್ತಿ ಸಂಸ್ಥೆಯಲ್ಲೇ ಉಳಿದವರಿಗಿಂತ ಚೆನ್ನಾಗಿ ಬೆಳೆಯಿತು, ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕವರಿಗೆ ಇನ್ನೂ ಜಾಸ್ತಿ ಲಾಭ. ನಿಮ್ಮ ಹುಡುಗ ದೊಡ್ಡವನು, ಆ ಅಂಕಿಗಳು ಅವನಿಗೆ ಹಾಗೇ ಹೊಂದುವುದಿಲ್ಲ. ಆದರೂ ಮನೆ ಕೊಡುವುದನ್ನು ಸಂಸ್ಥೆ ಕೊಡಲಾರದು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಸಂಬಂಧಿಕರ ಮನೆ ಇದೆಯಾ ಅಂತ ಯಾರಾದರೂ ಸರಿಯಾಗಿ ಹುಡುಕಿದ್ದಾರಾ? ಅಜ್ಜಿ, ಸೋದರಮಾವ, ಚಿಕ್ಕಮ್ಮ? ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ನೋಡಿದ 2014ರ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ವಿಮರ್ಶೆಯ ಪ್ರಕಾರ, ಬಂಧುಗಳ ಮನೆಯಲ್ಲಿ ಬೆಳೆದ ಮಕ್ಕಳ ವರ್ತನೆಯೂ ಮನಸ್ಸಿನ ಆರೋಗ್ಯವೂ ಚೆನ್ನಾಗಿರುತ್ತದೆ, ಮನೆ ಬದಲಾಗುವುದೂ ಕಡಿಮೆ. ಅಣ್ಣ ತಂಗಿ ಒಂದೇ ಕಡೆ ಇರುವ ಅವಕಾಶವೂ ಸಿಗಬಹುದು. ಅಪಾಯ ಏನೆಂದರೆ, ಬಂಧುಗಳಿಗೆ ನೆರವು ಇನ್ನೂ ಕಡಿಮೆ ಸಿಗುತ್ತದೆ, ತಾಯಿಯ ಸಮಸ್ಯೆ ನೇರ ಆ ಮನೆ ಬಾಗಿಲಿಗೇ ಬರುತ್ತದೆ. ನಾಲ್ಕು ಮನೆ ಆದಮೇಲೂ ಈ ಹುಡುಕಾಟ ತಡವಾಗಿಲ್ಲ.

ನನ್ನ ಒಲವು ಅವನನ್ನು ಇಟ್ಟುಕೊಳ್ಳುವ ಕಡೆಗೆ. ಆದರೆ ಈಗಿನ ಹಾಗೆ ಅಲ್ಲ. ಮೇಲಧಿಕಾರಿಗಳಿಗೆ ಲಿಖಿತವಾಗಿ ಕೇಳಿ: ತಿಂಗಳಲ್ಲಿ ಒಂದು ವಾರಾಂತ್ಯ ಅವನನ್ನು ನೋಡಿಕೊಳ್ಳುವ ಇನ್ನೊಂದು ಮನೆ, ಪ್ರತಿ ಸಲ ಅದೇ ಮನೆ, ಅದೇ ಜನ. ಅಮೆರಿಕದ ‘ಮಾಕಿಂಗ್‌ಬರ್ಡ್’ ಮಾದರಿ ಇದನ್ನೇ ಮಾಡುತ್ತದೆ. ಅನುಭವಿ ಫಾಸ್ಟರ್ ಮನೆಯೊಂದರ ಸುತ್ತ ಆರರಿಂದ ಹತ್ತು ಕುಟುಂಬಗಳು, ಸುಸ್ತಾದವರ ಮಗು ಗೊತ್ತಿರುವ ಮನೆಯಲ್ಲಿ ಎರಡು ರಾತ್ರಿ ಮಲಗುತ್ತದೆ. ಬ್ರಿಟನ್ನಿನಲ್ಲೂ ಇದು ನಡೆಯುತ್ತಿದೆ. ತರಬೇತಿಯನ್ನೂ ಕೇಳಿ. ‘ಕೀಪ್’ ಅನ್ನೋ ಕಾರ್ಯಕ್ರಮದಲ್ಲಿ ಸ್ಯಾನ್ ಡಿಯಾಗೋದ 700 ಫಾಸ್ಟರ್ ಕುಟುಂಬಗಳನ್ನು ಅಧ್ಯಯನ ಮಾಡಿದರು. ವಾರಕ್ಕೊಮ್ಮೆ ಕೂತು ಮಾತಾಡಿ ಕಲಿಯೋದು, 16 ವಾರ. ತರಬೇತಿ ಪಡೆದವರ ಮನೆಗಳಲ್ಲಿ ತೊಂದರೆಯ ವರ್ತನೆ ಇಳಿಯಿತು, ಹಿಂದೆ ಬಹಳ ಮನೆ ಬದಲಿಸಿ ಬಂದ ಮಕ್ಕಳೂ ನಿಲ್ಲುವುದು ಹೆಚ್ಚಾಯಿತು. ನಿಮ್ಮಲ್ಲಿ ಇಂಥದ್ದು ಇಲ್ಲದಿದ್ದರೆ ಬೇರೆ ಎರಡು ಮೂರು ಫಾಸ್ಟರ್ ಕುಟುಂಬಗಳ ಪರಿಚಯ ಮಾಡಿಕೊಡಿ ಅಂತಾದರೂ ಹಟ ಹಿಡಿಯಿರಿ. ಈ ದಾರಿಯ ಅಪಾಯವನ್ನೂ ಹೇಳಬೇಕು: ಇಷ್ಟೆಲ್ಲ ಮಾಡಿದ ಮೇಲೂ ತಾಯಿ ಸುಧಾರಿಸಿ ಅವನು ಹೋಗಿಬಿಡಬಹುದು. ಅಮೆರಿಕದಲ್ಲಿ ಫಾಸ್ಟರ್ ಕೇರ್ ಬಿಡುವ ಮಕ್ಕಳಲ್ಲಿ ಅರ್ಧದ ಹತ್ತಿರ ಹತ್ತಿರ ಹೆತ್ತವರ ಬಳಿಗೇ ಹೋಗುತ್ತಾರೆ. ನಿಮಗೆ ನೋವಾಗುತ್ತದೆ. ಆ ನೋವಿಗೆ ಹೆದರಿ ‘ಜಾಸ್ತಿ ಹಚ್ಚಿಕೊಳ್ಳಬೇಡಿ’ ಅನ್ನುವವರ ಮಾತು ಕೇಳಬೇಡಿ. ಒಬ್ಬರನ್ನು ನಂಬಲು ಕಲಿತ ಮಗು ಮುಂದೆ ಇನ್ನೊಬ್ಬರನ್ನೂ ನಂಬಬಲ್ಲದು.

ಇದೆಲ್ಲ ಆದಮೇಲೂ ಆಗದಿದ್ದರೆ? ಅಥವಾ ಅವನಿಂದ ನಿಮ್ಮ ಮಗಳಿಗೆ ಪೆಟ್ಟಾಗುವ ಪರಿಸ್ಥಿತಿ, ಮುಟ್ಟಬಾರದ ರೀತಿ ಮುಟ್ಟುವಂಥದ್ದು ಬಂದರೆ? ಆಗ ಕಾಯಬೇಡಿ, ಅದೇ ದಿನ ಹೇಳಿ. ಬೇರೆ ಕಾರಣಕ್ಕಾದರೆ ಮಾತ್ರ ದಿಢೀರಂತ ಕಳಿಸಬೇಡಿ. ಶುಕ್ರವಾರ ಸಂಜೆ ಫೋನ್ ಮಾಡಿ ‘ಬಂದು ಕರೆದುಕೊಂಡು ಹೋಗಿ’ ಅನ್ನುವುದೇ ಎಲ್ಲಕ್ಕಿಂತ ಕೆಟ್ಟದ್ದು. ಕೆಲವು ವಾರ ಕೊಡಿ. ಹೊಸ ಮನೆಯವರು ಮೊದಲು ನಿಮ್ಮ ಮನೆಗೆ ಬರಲಿ, ಆಮೇಲೆ ಅವನು ಅಲ್ಲಿಗೆ ಹೋಗಿ ಬರಲಿ. ಒಳ್ಳೆಯ ಚೀಲದಲ್ಲಿ ಅವನ ಸಾಮಾನು, ಅವನು ಮಲಗುತ್ತಿದ್ದ ಹೊದಿಕೆ, ನಿಮ್ಮ ಜೊತೆಗಿನ ಫೋಟೋ ಹಾಕಿ ಕಳಿಸಿ. ನೀನು ಕೆಟ್ಟವನು ಅಂತ ಅಲ್ಲ, ನಮಗೆ ಸರಿಯಾಗಿ ನೋಡಿಕೊಳ್ಳಲು ಆಗಲಿಲ್ಲ ಅಂತ ನಿಮ್ಮ ಬಾಯಿಂದಲೇ ಹೇಳಿ. ಆಮೇಲೂ ಫೋನ್ ಮಾಡಿ.

ಫಾಸ್ಟರ್ ಕೇರ್ ಸಾಮಾನ್ಯವಾಗಿ ಹದಿನೆಂಟಕ್ಕೆ ಮುಗಿಯುತ್ತದೆ. ಒಂಬತ್ತು ವರ್ಷದವನ ಬಗ್ಗೆ ಮಾತಾಡುವಾಗ ಹದಿನೆಂಟರ ಯೋಚನೆ ಯಾಕೆ ಅನ್ನಿಸಬಹುದು. ಯಾರ ಮನೆಯಲ್ಲೂ ನೆಲೆ ನಿಲ್ಲದೇ ಆ ವಯಸ್ಸು ಮುಟ್ಟಿದವರನ್ನು ನಾನು ಭೇಟಿಯಾಗುತ್ತಿರುತ್ತೇನೆ, ಅದಕ್ಕೆ. ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಇಂಥ ಯುವಕ ಯುವತಿಯರನ್ನು 26ರ ವಯಸ್ಸಿನವರೆಗೆ ಹಿಂಬಾಲಿಸಿದಾಗ, ನೂರಕ್ಕೆ 31ರಿಂದ 46 ಮಂದಿ ಒಮ್ಮೆಯಾದರೂ ಇರಲು ಮನೆಯಿಲ್ಲದೆ ಕಳೆದಿದ್ದರು. ಅಮೆರಿಕ 2008ರ ಕಾಯ್ದೆಯಲ್ಲಿ ರಾಜ್ಯಗಳಿಗೆ ಫಾಸ್ಟರ್ ಕೇರ್ ಆಸರೆಯನ್ನು 21ರವರೆಗೆ ಮುಂದುವರಿಸುವ ಅವಕಾಶ ಕೊಟ್ಟಿತು. ಇಂಗ್ಲೆಂಡಿನಲ್ಲಿ 2014ರಿಂದ, ಇಬ್ಬರಿಗೂ ಇಷ್ಟವಿದ್ದರೆ, ಫಾಸ್ಟರ್ ಮನೆಯಲ್ಲೇ 21ರವರೆಗೆ ಇರಬಹುದು. ಕಾನೂನು ಇದ್ದರೂ ಇರಿಸಿಕೊಳ್ಳುವ ಮನೆ ಬೇಕಲ್ಲ.

ಈ ವಾರ ಮಾಡಬೇಕಾದ್ದು ಎರಡು. ತಂಗಿಯ ಜೊತೆ ವಾರಕ್ಕೊಂದು ನಿಗದಿತ ಫೋನು, ತಿಂಗಳಿಗೊಂದು ಭೇಟಿ ಕೇಳಿ. ಎಷ್ಟೋ ಕಡೆ ಯಾರೂ ಕೇಳದಿರುವುದರಿಂದಲೇ ಅದು ಆಗಿರುವುದಿಲ್ಲ. ಇನ್ನೊಂದು, ನಿಮ್ಮ ಮಗಳನ್ನು ಒಬ್ಬಳನ್ನೇ ಕರೆದುಕೊಂಡು ಎಲ್ಲಾದರೂ ಹೋಗಿ ಕೂತು ಅವಳ ಮಾತು ಕೇಳಿ. ಅವಳು ಬೈಯಲಿ, ಅಳಲಿ, ‘ಅವನನ್ನ ಕಳಿಸಿಬಿಡಿ’ ಅನ್ನಲಿ, ತಡೆಯಬೇಡಿ. ‘ಪಾಪ ಅವನಿಗೆ ಯಾರೂ ಇಲ್ಲ’ ಅಂತ ಅವಳ ಬಾಯಿ ಮುಚ್ಚಿಸಬೇಡಿ. ಹೋದ ದುಡ್ಡನ್ನು ಅವತ್ತೇ ನೀವು ತುಂಬಿಕೊಡಿ, ಅವಳ ಡಬ್ಬಿಗೆ ಒಂದು ಬೀಗ ಕೊಡಿಸಿ. ಅವನು ಆ ದುಡ್ಡನ್ನು ಮನೆಯ ಸಣ್ಣಪುಟ್ಟ ಕೆಲಸ ಮಾಡಿ ನಿಮಗೆ ಸ್ವಲ್ಪ ಸ್ವಲ್ಪವಾಗಿ ತೀರಿಸಲಿ, ತೀರಿದ ದಿನ ಆ ವಿಷಯವನ್ನು ಮತ್ತೆ ಯಾರೂ ಎತ್ತಬೇಡಿ, ನೆಂಟರೂ ಸೇರಿ.